ಲೀನಾ ಮಿಸ್ಸಿಗೆ ಯಾರೂ ಬೈಯಲಿಲ್ಲ

ಹಾರೋಹಳ್ಳಿಯಿಂದ ಮರಳವಾಡಿ ಕಡೆ ಬರುವ ಬಸ್ಸಿನಲ್ಲಿ ಮೊನ್ನೆ ನನ್ನ ಪಕ್ಕಕ್ಕೆ ಒಬ್ಬ ಹುಡುಗಿ ಬಂದು ಕೂತಳು. ಫ್ಯಾಕ್ಟರಿ ಕೆಲಸ ಮುಗಿಸಿಕೊಂಡು ಬಂದವಳಿರಬೇಕು. ಕೂತವಳೇ ಬ್ಯಾಗಿನಿಂದ ಸೊಳ್ಳೆ ಮುಲಾಮು ತೆಗೆದು ಕೈಗೆ, ಕುತ್ತಿಗೆಗೆ ಹಚ್ಚಿಕೊಂಡಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, “ನಿಮ್ಮನೇಲಿ ಹುಳ ಸಾಕಿದ್ದೀರೇನಮ್ಮ?” ಅಂತ ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಇಲ್ಲ ಆಂಟಿ” ಅಂದು, ಸ್ವಲ್ಪ ಹೊತ್ತಿಗೆ ಎದ್ದು ಮುಂದಿನ ಸೀಟಿಗೆ ಹೋದಳು. ಗುರುತು ಪರಿಚಯವಿಲ್ಲದವರ ಹತ್ತಿರ ಹುಳದ ಮಾತು ತೆಗೆಯುವ ಹೆಂಗಸಿನಿಂದ ದೂರ ಇರುವುದೇ ಕ್ಷೇಮ ಅನ್ನಿಸಿರಬೇಕು.

ನಮ್ಮ ಕಡೆ ಹುಳ ಅಂದರೆ ರೇಷ್ಮೆ ಹುಳ. ಮಿಕ್ಕ ಹುಳಗಳಿಗೆಲ್ಲ ಬೇರೆ ಬೇರೆ ಹೆಸರುಗಳಿವೆ. ಅದನ್ನೆಲ್ಲ ಆ ಹುಡುಗಿಗೆ ವಿವರಿಸುವ ಮೊದಲೇ ಅವಳು ಜಾಗ ಬದಲಾಯಿಸಿದಳು. ನಿಮಗಾದರೆ ಹೇಳಬಹುದು. ಸೊಳ್ಳೆ ಮುಲಾಮಿನ ವಾಸನೆ ಬಂದರೆ ನನಗೆ ಲೀನಾ ನೆನಪಾಗುತ್ತಾಳೆ.

ಲೀನಾ ಜರ್ಮನಿಯವಳು. ಶಾಲೆ ಮುಗಿಸಿ ಕಾಲೇಜಿಗೆ ಸೇರುವ ಮುಂಚೆ ಒಂದು ವರ್ಷ ಬೇರೆ ದೇಶಕ್ಕೆ ಹೋಗಿ ಸಂಬಳವಿಲ್ಲದೆ ಕೆಲಸ ಮಾಡಿಬರುವ ಪದ್ಧತಿ ಅವರಲ್ಲಿ ಇದೆಯಂತೆ. ಹಾಗೆ ಬಂದವಳನ್ನು ಯಾವುದೋ ಸಂಸ್ಥೆಯವರು, ನಾನು ಕನ್ನಡ ಪಾಠ ಮಾಡುವ ಶಾಲೆಗೆ ಇಂಗ್ಲಿಷ್ ಹೇಳಿಕೊಡಲು ಕಳಿಸಿದರು. ಇರುವುದಕ್ಕೆ ಜಾಗ ಎಲ್ಲಿ ಅನ್ನುವ ಮಾತು ಬಂದಾಗ ಹೆಡ್‌ಮಾಸ್ಟರು ಸ್ಟಾಫ್ ರೂಮನ್ನೆಲ್ಲ ಒಮ್ಮೆ ನೋಡಿ ಕೊನೆಗೆ ನನ್ನ ಮೇಲೆ ಕಣ್ಣು ನಿಲ್ಲಿಸಿದರು. ಮಗ ಮೈಸೂರಿನ ಹಾಸ್ಟೆಲ್ಲಿಗೆ ಹೋದ ಮೇಲೆ ನಮ್ಮ ಮನೆಯ ಮುಂದಿನ ರೂಮು ಖಾಲಿ ಇರುವುದು ಊರಿಗೆಲ್ಲ ಗೊತ್ತಿತ್ತು. ಮನೆಯಲ್ಲಿ ಉಳಿದವರು ನಾನು, ನಮ್ಮ ಯಜಮಾನರು, ಅತ್ತೆ ಪುಟ್ಟತಾಯಮ್ಮ.

ಅತ್ತೆ ಮೊದಲು ಕೇಳಿದ್ದು ಹುಡುಗಿಯ ವಯಸ್ಸು. ಹತ್ತೊಂಬತ್ತು ಅಂತ ತಿಳಿದ ಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿ ಅಂದರು: “ಎಣ್ಮಗೀನ ಇಷ್ಟ್ ದೂರ ಒಬ್ಳೇ ಕಳ್ಸವ್ರಲ್ಲ, ಅವ್ರಪ್ಪ ಅವ್ವುಂದು ಏನ್ ಗಟ್ಟಿ ಎದೆ! ನೋಡು, ಅವ್ಳು ಈ ಮನೇಲಿ ಇರಗಂಟ ಯಾರೂ ಒಂದ್ ಮಾತು ಬಿರುಸಾಗಿ ಆಡ್ಕೂಡ್ದು. ನೆಂಟ್ರ ಮಗ ಅದು.”

ಬೇರೆ ಯಾರೇ ಹೇಳಿದ್ದರೂ ನಂಬುತ್ತಿದ್ದೆ. ನಮ್ಮ ಅತ್ತೆಯ ಬಾಯಿ ಎಂಥದ್ದು ಅನ್ನುವುದನ್ನು ಬಾಗಿಲಿಗೆ ಸೊಪ್ಪು ಮಾರಲು ಬರುವವರನ್ನು ಕೇಳಬೇಕು. ಅಂಥವರು ವರ್ಷವೆಲ್ಲ ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ ಅಂದದ್ದು ನನಗೆ ನಂಬಿಕೆಯೇ ಆಗಲಿಲ್ಲ. ಆದರೆ ನಿಜವಾಗಿಯೂ ಹಾಕಿಕೊಂಡರು. ಅವಳನ್ನು ‘ಮೇಡಮ್ಮೋರೇ’ ಅಂತಲೇ ಕರೆಯುತ್ತಿದ್ದರು.

ಲೀನಾ ಬೆಳಿಗ್ಗೆ ಬೇಗ ಎದ್ದು ಓಡಲು ಹೋಗುತ್ತಿದ್ದಳು. ನಮ್ಮೂರಿನ ರಸ್ತೆಯಲ್ಲಿ ಯಾರಾದರೂ ಓಡುತ್ತಿದ್ದಾರೆ ಅಂದರೆ ಬಸ್ಸು ತಪ್ಪಿಹೋಗುತ್ತಿದೆ ಅಂತ ಅರ್ಥ. ಆದ್ದರಿಂದ ಹಾಲು ಹಾಕಿ ಬರುತ್ತಿದ್ದ ಪ್ರತಿಯೊಬ್ಬರೂ ಬೈಕು ನಿಲ್ಲಿಸಿ, “ಅತ್ತಿ ಮೇಡಂ, ಬುಡ್ತೀನಿ” ಅನ್ನುತ್ತಿದ್ದರು. ಬೇಡ ಅಂದರೆ ಅವಳ ಪಕ್ಕದಲ್ಲೇ ಬೈಕನ್ನು ನಿಧಾನಕ್ಕೆ ಓಡಿಸಿಕೊಂಡು, ಸಂಕೋಚ ಪಟ್ಟುಕೊಳ್ಳಬೇಡಿ ಅಂತ ಸಮಾಧಾನ ಹೇಳುತ್ತಾ ಬರುತ್ತಿದ್ದರು. ಕೊನೆಗೆ ಅವಳೇ ಸೋತು, ಒಂದಷ್ಟು ದೂರ ಓಡಿ, ಸಿಕ್ಕ ಬೈಕು ಹತ್ತಿ ಮನೆಗೆ ಬರುವ ಅಭ್ಯಾಸ ಮಾಡಿಕೊಂಡಳು.

ಆಮೇಲೆ ಹಂಡೆ ನೀರಿನ ಸ್ನಾನ, ತಿಂಡಿ, ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಶಾಲೆಗೆ ನಡಿಗೆ. ಶಾಲೆಯಲ್ಲಿ ಅವಳು ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಮಕ್ಕಳನ್ನು ಮರದ ಕೆಳಗೆ ಸುತ್ತ ಕೂರಿಸಿ ಒಬ್ಬರು ಇನ್ನೊಬ್ಬರಿಗೆ ಪ್ರಶ್ನೆ ಕೇಳಬೇಕು ಅನ್ನುತ್ತಿದ್ದಳು. ಉತ್ತರ ಬಾಯಿಪಾಠ ಮಾಡಿದ ಮಕ್ಕಳೇ ಹೊರತು ಪ್ರಶ್ನೆ ಕೇಳಿದ ಮಕ್ಕಳಲ್ಲ ಅವು. ಮೊದಮೊದಲು ಕಲ್ಲಿನ ಹಾಗೆ ಕೂತಿದ್ದವು. ಒಂದು ದಿನ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಲೀನಾಳ ಕೂದಲು ತೋರಿಸಿ, “ಮಿಸ್, ವೈ ಯು ನೋ ಪುಟ್ ಆಯಿಲ್?” ಅಂದಳು. ಲೀನಾ ಅವಳನ್ನು ಎತ್ತಿ ತಿರುಗಿಸಿಬಿಟ್ಟಳು. ಅಂದಿನಿಂದ ಪ್ರಶ್ನೆಗಳ ಸುರಿಮಳೆ. ನನ್ನ ಕನ್ನಡ ಪಿರಿಯಡ್ಡಿನಲ್ಲೂ ಪ್ರಶ್ನೆ ಕೇಳುವುದಕ್ಕೆ ಶುರು ಮಾಡಿದರು, ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ಇದು ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಲೀನಾ ಅಗಿಯುತ್ತಿದ್ದಳು. ಒಂದೊಂದು ತುತ್ತನ್ನೂ ಶ್ರದ್ಧೆಯಿಂದ, ದವಡೆ ನೋಯುವ ತನಕ ಅಗಿಯುತ್ತಿದ್ದಳು. ಅದನ್ನು ನೋಡಲಾರದೆ ನಮ್ಮ ಯಜಮಾನರು ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗುತ್ತಿದ್ದರು. ಅತ್ತೆ ಗೋಡೆ ನೋಡುತ್ತಿದ್ದರು. ಯಾರೂ ಏನೂ ಹೇಳಲಿಲ್ಲ.

ಲಂಗದ ಕಥೆ ಇನ್ನೂ ಚೆನ್ನ. ಒಂದು ಶನಿವಾರ ಅವಳೊಬ್ಬಳೇ ಕನಕಪುರಕ್ಕೆ ಹೋಗಿ ಬಣ್ಣ ಬಣ್ಣದ ಲಂಗಗಳನ್ನು ತಂದಳು. ಸೀರೆಯ ಒಳಗೆ ಉಡುತ್ತೇವಲ್ಲ, ಲಾಡಿ ಕಟ್ಟುವ ಲಂಗ, ಅದೇ. ಹೊರಗೆ ಹಾಕಿಕೊಳ್ಳುವ ಬಟ್ಟೆ ಅಂದುಕೊಂಡು ಸೋಮವಾರ ಅದನ್ನೇ ಉಟ್ಟು, ಮೇಲೊಂದು ಅಂಗಿ ತೊಟ್ಟು ಶಾಲೆಗೆ ಹೊರಟಳು. ದಾರಿಯಲ್ಲಿ ಸಿಕ್ಕ ಹೆಂಗಸರೆಲ್ಲ, “ಚೆಂದಾಗ್ ಕಾಣ್ತೀರಿ ಮೇಡಂ” ಅಂದರು. ಪ್ರಾರ್ಥನೆ ಮುಗಿಯುವವರೆಗೂ ಹೆಡ್‌ಮಾಸ್ಟರು ಬಾವುಟದ ಕಂಬದ ತುದಿಯನ್ನೇ ನೋಡುತ್ತಿದ್ದರು, ಅಲ್ಲಿ ಬಾವುಟವೂ ಇರಲಿಲ್ಲ. ಹಸಿರು, ನೇರಳೆ, ಅರಿಶಿನ ಅಂತ ದಿನಕ್ಕೊಂದು ಲಂಗ ಬಂದುಹೋಯಿತು. ನಾಳೆ ಹೇಳಿದರಾಯಿತು ಅಂತ ನಾನೂ ಸುಮ್ಮನಿದ್ದೆ.

ಶಾಲೆಯ ಸಮಾರಂಭಕ್ಕೆ ಸೀರೆ ಉಡಿಸು ಅಂತ ಅವಳು ನನ್ನ ರೂಮಿಗೆ ಬಂದ ದಿನ ಗುಟ್ಟು ಬಯಲಾಯಿತು. ಇನ್ನೂ ಸೀರೆ ಸುತ್ತದೆ ನಿಂತಿದ್ದ ನನ್ನ ಲಂಗವನ್ನೂ ತನ್ನದನ್ನೂ ನೋಡಿದಳು. ಕುತ್ತಿಗೆಯವರೆಗೆ ಕೆಂಪಾದಳು.

“ಎಲ್ಲರಿಗೂ ಗೊತ್ತಿತ್ತಾ?”

“ಹೂಂ.”

“ಮತ್ತೆ ಯಾಕೆ ಹೇಳಲಿಲ್ಲ?”

“ನಿನಗೆ ಬೇಜಾರಾಗುತ್ತಲ್ಲ ಅಂತ.”

“ಈಗ ಬೇಜಾರಾಗಲಿಲ್ಲವಾ?” ಅಂದಳು. ಇನ್ನೇನೇನು ಮುಚ್ಚಿಟ್ಟಿದ್ದೀರಿ ಅಂತ ಪಟ್ಟು ಹಿಡಿದಾಗ ಮುದ್ದೆಯ ವಿಷಯ ಹೇಳಿದೆ. ಆಮೇಲೆ ಇನ್ನೇನೂ ಇಲ್ಲ ಅಂದೆ. ರಾತ್ರಿ ಮಲಗುವ ಮುಂಚೆಯೂ ಬೆಳಿಗ್ಗೆ ಎದ್ದ ಮೇಲೂ ಅವಳು ಬಳಿದುಕೊಳ್ಳುತ್ತಿದ್ದ ಮುಲಾಮಿನ ವಿಷಯ ತಲೆಗೇ ಬರಲಿಲ್ಲ. ಅವಳ ದೇಶದಿಂದ ತಂದ ಸೊಳ್ಳೆ ಮುಲಾಮು ಅದು. ಸೊಳ್ಳೆಗಷ್ಟೇ ಅಲ್ಲ, ಹಸುವಿಗೂ ತಲೆ ಸುತ್ತು ಬರುವಷ್ಟು ಘಾಟು. ಆಗ ನಾವು ಅದು ಅವರ ಕಡೆಯ ಸೆಂಟೋ ಏನೋ ಅಂದುಕೊಂಡಿದ್ದೆವು. ತಲೆಗೆ ಬಂದಿದ್ದರೂ ಮನೆಗೆ ಬಂದ ಹುಡುಗಿಗೆ, ನಿನ್ನ ಮೈ ನಾರುತ್ತದೆ ಅಂತ ಯಾವ ಬಾಯಲ್ಲಿ ಹೇಳುವುದು?

ಇದೆಲ್ಲ ನಮಗೆ ಹುಟ್ಟಿನಿಂದ ಬಂದ ರೋಗ. ನಾನು ಹುಟ್ಟಿ ಬೆಳೆದದ್ದು ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ. ಚಿಕ್ಕವಳಿದ್ದಾಗ ಯಾರ ಮನೆಗಾದರೂ ಹೊರಟರೆ ಅಮ್ಮ ಬಾಗಿಲಲ್ಲೇ ಪಾಠ ಹೇಳುತ್ತಿದ್ದರು. ತಿಂಡಿ ತಿನ್ನು ಅಂದರೆ ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೂ ಬೇಡ ಅನ್ನಬೇಕು. ಮೂರನೇ ಸಲ ಕೈಗೇ ತುರುಕಿದರೆ ಅಮ್ಮನ ಮುಖ ನೋಡಿ, ಅವರು ಕಣ್ಣು ಮಿಟುಕಿಸಿದ ಮೇಲೆ ತೆಗೆದುಕೊಳ್ಳಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬರು ನೆಂಟರಿದ್ದರು. ಅವರು ಒಂದೇ ಸಲ ಕೇಳುವ ಜನ. ಚಕ್ಕುಲಿ ತಟ್ಟೆ ಮುಂದಿಟ್ಟು, “ತಗೋ ಮಗಾ” ಅಂದರು. ಬೇಡ ಅಂದೆ. “ಹೌದಾ?” ಅಂದು ತಟ್ಟೆ ಒಳಗೆ ತೆಗೆದುಕೊಂಡು ಹೋದರು. ಆ ಚಕ್ಕುಲಿಯ ಮೇಲಿನ ಎಳ್ಳು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಲೀನಾ ಈ ವಿದ್ಯೆಯನ್ನು ನಮ್ಮ ಮನೆಯ ಊಟದಲ್ಲೇ ಕಲಿತಳು. ಅವಳು ಸಾಕು ಅಂದರೆ ಅತ್ತೆ ಇನ್ನೊಂದು ಮುದ್ದೆ ಹಾಕುತ್ತಿದ್ದರು. ಬೇಡ ಅಂತ ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸಾರು ಬೀಳುತ್ತಿತ್ತು. ಇವರು ಬೇಡ ಅಂದರೆ ಅದು ಮರ್ಯಾದೆಯ ಮಾತು, ಒತ್ತಾಯ ಮಾಡಬೇಕು ಅಂತ ಅವಳು ತಿಳಿದುಕೊಂಡಳು. ತಿಳಿದದ್ದು ಸರಿಯಾಗೇ ಇತ್ತು.

ನಮ್ಮ ಹುಳದ ಮನೆ ಹಿತ್ತಲಲ್ಲಿದೆ. ಕಿಟಕಿಗೆಲ್ಲ ಜಾಲರಿ, ಒಳಗೆ ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಸ್ಟ್ಯಾಂಡು. ಆ ಬಾಗಿಲಿನ ಒಳಗೆ ಅತ್ತೆಯದೇ ಕಾನೂನು. ಊದುಬತ್ತಿ ಹಚ್ಚುವ ಹಾಗಿಲ್ಲ, ಪೌಡರು ಬಳಿದುಕೊಂಡು ಹೋಗುವ ಹಾಗಿಲ್ಲ, ಹೊಗೆಸೊಪ್ಪು ಹಾಕುವವರು ಹತ್ತಿರ ಸುಳಿಯುವ ಹಾಗಿಲ್ಲ. ಹೊರಗಿನವರಿಗಂತೂ ಪ್ರವೇಶವೇ ಇಲ್ಲ. ಲೀನಾ ಬಂದಾಗಿನಿಂದ ಒಳಗೆ ನೋಡಬೇಕು ಅನ್ನುತ್ತಿದ್ದಳು. ಬರಬೇಡ ಅನ್ನಲು ಅತ್ತೆಗೆ ಬಾಯಿ ಬರುತ್ತಿರಲಿಲ್ಲ. “ಅಲ್ಲೇನೈತೆ ಮೇಡಮ್ಮೋರೇ, ಒಸಿ ವಾಸ್ನೆ, ನಿಮಗ್ ಆಗಾಕಿಲ್ಲ” ಅಂತ ತಳ್ಳಿಹಾಕುತ್ತಿದ್ದರು. ಪೌಡರಿನ ಕಾನೂನು, ಊದುಬತ್ತಿಯ ಕಾನೂನು ಅವಳಿಗೆ ಯಾರೂ ಹೇಳಲಿಲ್ಲ. ಒಳಗೆ ಬರದವಳಿಗೆ ಕಾನೂನು ಯಾಕೆ?

ಹುಳ ನಾಲ್ಕನೇ ಜ್ವರದಿಂದ ಎದ್ದ ವಾರ ಅದು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಕಳೆದ ಮೇಲೆ ಅದಕ್ಕೆ ರಾಕ್ಷಸ ಹಸಿವು, ಎಷ್ಟು ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಭಾನುವಾರ ಬೆಳಿಗ್ಗೆ ನಾನೂ ಯಜಮಾನರೂ ತೋಟದಲ್ಲಿ ಸೊಪ್ಪು ಕಡಿಯುತ್ತಿದ್ದೆವು. ಮನೆಯಲ್ಲಿ ಅತ್ತೆ ಕಾಲು ಉಳುಕಿಸಿಕೊಂಡಿದ್ದರೂ ಸೊಪ್ಪಿನ ಹೊರೆ ಎತ್ತಿಕೊಂಡು ಕುಂಟುತ್ತಾ ಹೊರಟರಂತೆ. ಲೀನಾ ಓಡಿಬಂದು ಹೊರೆಗೆ ಕೈ ಹಾಕಿದಳು.

“ಬ್ಯಾಡಿ ಮೇಡಮ್ಮೋರೇ, ನಿಮಗ್ಯಾಕೆ ತೊಂದ್ರೆ” ಅಂದರು ಅತ್ತೆ. ಲೀನಾ ಹೊರೆ ಕಿತ್ತುಕೊಂಡಳು. “ಬ್ಯಾಡಿ, ಬ್ಯಾಡಿ” ಅಂದರು ಅತ್ತೆ. ಲೀನಾ ನಗುತ್ತಾ ಹುಳದ ಮನೆಗೆ ಹೋದಳು. ಅತ್ತೆ ಕುಂಟಿಕೊಂಡು ತಲುಪುವಷ್ಟರಲ್ಲಿ ಅವಳು ಒಂದು ಸಾಲಿಗೆ ಪೂರ್ತಿ ಸೊಪ್ಪು ಹಾಸಿದ್ದಳು, ಮುಲಾಮು ಬಳಿದ ಕೈಯಲ್ಲಿ, ಪ್ರತಿ ಎಲೆಯನ್ನೂ ನೀವಿ ನೀವಿ.

ಸಂಜೆಯ ಹೊತ್ತಿಗೆ ಆ ಸಾಲಿನ ಹುಳಗಳು ತಲೆ ಎತ್ತಿ ಆಡಿಸುತ್ತಾ ಹಸಿರು ನೀರು ಕಾರತೊಡಗಿದವು. ಮಾರನೆಯ ದಿನ ಒಂದೂ ಉಳಿಯಲಿಲ್ಲ. ಬಾಕಿ ಸಾಲುಗಳು ಬಚಾವಾದವು ಅನ್ನುವುದೇ ಪುಣ್ಯ. ಅತ್ತೆ ಒಂದು ಎಲೆ ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ನಾನೂ ಮೂಸಿದೆ. ಅದೇ ಮುಲಾಮಿನ ಘಾಟು. ಯಜಮಾನರು ಸತ್ತ ಹುಳಗಳನ್ನು ಮಕ್ಕರಿಯಲ್ಲಿ ತುಂಬಿಕೊಂಡು ಹೋಗಿ ದೂರ ಗುಂಡಿ ತೋಡಿ ಮುಚ್ಚಿಬಂದರು. ಜಾಲರಿಯ ಆಚೆಯಿಂದ ಲೀನಾ, “ಯಾಕೆ ಸತ್ತವು?” ಅಂದಳು. “ಬಿಸ್ಲು ಮೇಡಮ್ಮೋರೇ” ಅಂದರು ಅತ್ತೆ. ಒಂದು ಸಾಲಿನ ಶ್ರಮವೆಲ್ಲ ಮಣ್ಣಿಗೆ ಹೋದಾಗಲೂ ಆ ಬಾಯಿ ಬೈಯದೆ ಇದ್ದದ್ದನ್ನು ನೋಡಿ ನನಗೆ ಒಂದು ಕಡೆ ಹೆಮ್ಮೆ, ಒಂದು ಕಡೆ ದಿಗಿಲು.

ಊರಿಗೆ ವಿಷಯ ತಿಳಿಯಲು ಎಷ್ಟು ಹೊತ್ತು? ಎಲ್ಲರೂ ಸೇರಿ ಹುಡುಗಿಯನ್ನು ಕಾಪಾಡಲು ನಿಂತರು. ಎದುರು ಮನೆಯವರು ಸೊಪ್ಪಿನ ದೋಷ ಅಂದರು. ಹೆಡ್‌ಮಾಸ್ಟರು ಹವಾಮಾನ ಅಂದರು. ಇನ್ಯಾರೋ ದೃಷ್ಟಿ ಅಂದರು, ನಮ್ಮ ಯಜಮಾನರು ಮರಿಹುಳ ಕೊಟ್ಟವರ ಕಡೆ ಬೆರಳು ತೋರಿಸಿದರು. ಜೊತೆಗೆ ದಿನಕ್ಕೊಂದು ಮನೆಯಿಂದ ಅವಳಿಗೆ ತಿಂಡಿ ಬರತೊಡಗಿತು, ಕಜ್ಜಾಯ, ನಿಪ್ಪಟ್ಟು, ರವೆ ಉಂಡೆ. ಪಾಪ, ಮನಸ್ಸಿಗೆ ಹಚ್ಚಿಕೊಂಡೀತು ಅಂತ.

ಅವಳೇನು ದಡ್ಡಿಯಲ್ಲ. ಬುಧವಾರ ಸಂಜೆ ರವೆ ಉಂಡೆಯ ಡಬ್ಬಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. “ಎಲ್ಲರೂ ಬೇರೆ ಬೇರೆ ಕಾರಣ ಹೇಳುತ್ತಾರೆ. ಎಲ್ಲರೂ ಸಿಹಿ ಕೊಡುತ್ತಾರೆ. ನನ್ನಿಂದ ಆಯಿತಾ?”

“ಛೆ ಛೆ, ಇಲ್ಲಪ್ಪ” ಅಂದೆ. ಬಾಯಿಗೆ ಅದೇ ಬಂತು.

ಅವಳು ಡಬ್ಬಿಯನ್ನು ನಿಧಾನಕ್ಕೆ ಕೆಳಗಿಟ್ಟಳು. ರೂಮಿಗೆ ಹೋಗಿ ಬಟ್ಟೆ ಮಡಚಿ ಬ್ಯಾಗಿಗೆ ತುಂಬಲು ಶುರು ಮಾಡಿದಳು. ನಾನು ಹಿಂದೆಯೇ ಹೋದೆ. ಸಂಸ್ಥೆಯವರಿಗೆ ಹೇಳಿ ಬೇರೆ ಊರಿಗೆ ಹೋಗುತ್ತೇನೆ ಅಂದಳು. ವರ್ಷ ಮುಗಿಯಲು ಇನ್ನೂ ಎಷ್ಟೋ ತಿಂಗಳಿದ್ದವು. ಮರದ ಕೆಳಗೆ ಈಗಷ್ಟೇ ಬಾಯಿ ಬಿಟ್ಟಿದ್ದ ಮಕ್ಕಳು ನನ್ನ ಕಣ್ಣಿಗೆ ಬಂದರು. ಅವರಿಗಿಂತ ಹೆಚ್ಚಾಗಿ, ಆ ರೂಮು ಮತ್ತೆ ಖಾಲಿಯಾಗುತ್ತದೆ ಅನ್ನುವ ಸಂಕಟ ನನ್ನದೇ. ಆ ಹುಡುಗಿ ನನಗೆ ಬೇಕಾಗಿದ್ದಳು.

“ಹುಳ ಸತ್ತದ್ದಕ್ಕಾ?” ಅಂದೆ.

“ಅಲ್ಲ. ಇಷ್ಟು ತಿಂಗಳಾದರೂ ನಾನು ನೆಂಟಳು. ನಾನು ನಿಮ್ಮ ಮಗಳಾಗಿದ್ದರೆ ಬೈಯುತ್ತಿದ್ದಿರಿ.”

ನನಗೆ ಈ ಮನೆಗೆ ಸೊಸೆಯಾಗಿ ಬಂದ ಹೊಸತು ಜ್ಞಾಪಕಕ್ಕೆ ಬಂತು. ನಮ್ಮ ಅತ್ತೆ ನನ್ನನ್ನೂ ಬಹಳ ದಿನ, “ನೀನ್ ಕೂತ್ಕವ್ವ” ಅಂತ ಕೂರಿಸಿಯೇ ಇಟ್ಟಿದ್ದರು. ಒಂದು ದಿನ ಹುಳದ ಮನೆಯ ಬಾಗಿಲು ತೆರೆದಿಟ್ಟು ಬಂದೆ. ಇರುವೆ ನುಗ್ಗಿದವು. ಅವತ್ತು ಬಿದ್ದ ಬೈಗುಳಕ್ಕೆ ನಾನು ಅಳುತ್ತಾ ಕುದೂರಿನ ಬಸ್ಸು ಹತ್ತಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, “ಬೈದ್ರಾ? ಸದ್ಯ! ಇನ್ನೂ ಬೈದಿಲ್ಲ ಅಂತ ನನಗೇ ದಿಗಿಲಾಗಿತ್ತು. ಊಟ ಮಾಡ್ಕಂಡು ಸಂಜೆ ಬಸ್ಸಿಗೆ ಹೊರಡು” ಅಂದಿದ್ದರು.

ಸೀದಾ ಅತ್ತೆಯ ಹತ್ತಿರ ಹೋಗಿ ಹೇಳಿದೆ, ಯಾರೂ ಬೈಯಲಿಲ್ಲ ಅಂತ ಹುಡುಗಿ ಮನೆ ಬಿಟ್ಟು ಹೊರಟಿದ್ದಾಳೆ ಅಂತ.

“ಬೈಲಿಲ್ಲ ಅಂತವಾ?” ಅತ್ತೆ ಕಾಲಿನ ಉಳುಕು ಮರೆತು ಎದ್ದರು. ಆ ನಾಲ್ಕು ದಿನ ನುಂಗಿಕೊಂಡದ್ದು ಅವರಿಗೆ ಎಷ್ಟು ಕಷ್ಟವಾಗಿತ್ತು ಅನ್ನುವುದು ನನಗೆ ಆಗ ಗೊತ್ತಾಯಿತು. ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟರು.

“ಎಲ್ಲಿಗಮ್ಮೀ ಒಂಟೆ? ಒಂದ್ ಸಾಲ್ ಹುಳ ಮಣ್ಣಿಗಾಕ್ಸ್ಬುಟ್ಟು ಬ್ಯಾಗ್ ತಕಂಡ್ ಒಂಟ್ಬುಟ್ಯಾ? ಮೈಗೆ ಅದೇನ್ ಆಳಾದ್ ಮುಲಾಮು ಬಳ್ಕತೀಯೆ, ಮನೆಯೆಲ್ಲ ನಾತ! ಹುಳಿನ್ ಮನೆ ಅಂದ್ರೆ ಬಾಣಂತಿ ಕ್ವಾಣೆ ಇದ್ದಂಗೆ ಕಣಮ್ಮಿ, ಹಂಗೇ ನುಗ್ಬುಡ್ತಾರಾ? ಬ್ಯಾಡ ಬ್ಯಾಡ ಅಂತ ಬಡ್ಕಂಡೆ, ಕಿವಿ ಎಲ್ಲಿಕ್ಕಿದ್ದೆ? ಒಳ್ಗಿನ್ ಲಂಗ ಉಟ್ಕಂಡು ಊರೆಲ್ಲ ಸುತ್ದೆ, ನನ್ ಮಾನ ಹೋಯ್ತು. ಮುದ್ದೆ ನೋಡುದ್ರೆ ಎಮ್ಮೆ ಮೆಲುಕಾಕ್ದಂಗೆ ಅಗೀತಿದ್ದೆ. ಎಷ್ಟ್ ಅಂತ ತಡ್ಕಳನೆ ನಾನು?”

ಲೀನಾ ಕೈಯಲ್ಲಿ ಮಡಚಿದ ಅಂಗಿ ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದಳು. ಎಷ್ಟು ಅರ್ಥವಾಯಿತೋ, ಕಣ್ಣಲ್ಲಿ ನೀರು ತುಂಬಿತು. ಆದರೆ ಅಳಲಿಲ್ಲ. ಅತ್ತೆಯಿಂದಲೇ ಕಲಿತ ಕನ್ನಡದಲ್ಲಿ ತಿರುಗಿಬಿದ್ದಳು.

“ನಂಗೆ ಯಾಕ್ ಯೋಳ್ಲಿಲ್ಲ? ನಾನೂ ಊಟಕ್ಕೆ ಬ್ಯಾಡ ಬ್ಯಾಡ ಅಂತೀನಿ. ನೀವ್ ಕೇಳ್ತೀರಾ? ಮುದ್ದೆ ಆಕ್ತೀರಾ!”

ಅತ್ತೆ ನನ್ನ ಕಡೆ ತಿರುಗಿ, “ನೋಡ್ದಾ, ಬಾಯೈತೆ ಇವ್ಳಿಗೆ” ಅಂದರು. ದನಿಯಲ್ಲಿ ಸಮಾಧಾನವಿತ್ತು. ಬ್ಯಾಗಿನಲ್ಲಿದ್ದ ಬಟ್ಟೆಗಳನ್ನು ತಾವೇ ಹಾಸಿಗೆಯ ಮೇಲೆ ಸುರಿದು, ನನಗೆ ಸೊಳ್ಳೆ ಪರದೆ ಕಟ್ಟಲು ಹೇಳಿ ಒಳಗೆ ಹೋದರು.

ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ನೆಮ್ಮದಿ ಅನ್ನುವುದು ಹೋಯಿತು. ಬೆಳಗಾದರೆ ಅತ್ತೆ ಅವಳಿಗೆ ಬೈಯುವುದು, ಅವಳು ಎದುರುತ್ತರ ಕೊಡುವುದು. ತಲೆಗೆ ಎಣ್ಣೆ ಹಾಕಿಕೊಳ್ಳದ್ದಕ್ಕೆ ಒಂದು ಜಗಳ, ಬಿಸಿಲಲ್ಲಿ ತಿರುಗಿದ್ದಕ್ಕೆ ಒಂದು. ಮುಂದಿನ ಹುಳದ ಬೆಳೆಗೆ ಅವಳು ಶಾಲೆ ಬಿಟ್ಟ ಮೇಲೆ ಸೀದಾ ಹುಳದ ಮನೆಗೆ ನಡೆಯುತ್ತಿದ್ದಳು. ಹುಳ ಹಣ್ಣಾದಾಗ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟಳು, ಗೂಡು ಬಿಡಿಸಿದಳು. ಗೂಡು ಬಿಳಿಯಾಗಿ, ಗಟ್ಟಿಯಾಗಿ ಬಂದಿತ್ತು.

ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಅವತ್ತು ಎಲ್ಲರೂ ಹೋದೆವು. ಗೂಡು ಸುರಿದುಕೊಂಡು ಕಾಯುತ್ತಿದ್ದೆವು. ನಮಗೆ ಮೊದಲಿಂದ ಪರಿಚಯವಿದ್ದ, ಗೂಡು ಕೊಂಡು ನೂಲು ತೆಗೆಸುವ ರೀಲರೊಬ್ಬರು ಗೂಡು ನೋಡಲು ಬಂದವರು ಲೀನಾಳನ್ನು ಕಂಡು ಸಂಭ್ರಮದಿಂದ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು. ಟೀ ತರಿಸಿದರು. “ಕೂತ್ಕಳಿ ಮೇಡಂ, ಕೂತ್ಕಳಿ.”

“ಅವ್ಳಿಗ್ಯಾಕಪ್ಪ ಕುರ್ಚಿ?” ಅಂದರು ಅತ್ತೆ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ. “ಹ್ವಾದ್ ಬೆಳೇಲಿ ಒಂದ್ ಸಾಲ್ ಹುಳಾನೇ ಸಾಯಿಸ್ದೋಳು. ಏ ಅಮ್ಮೀ, ನಿಂತ್ಕಂಡ್ ಏನ್ ನೋಡ್ತೀಯೆ? ತೆಳ್ಳಗಿರೋ ಜಾಳು ಗೂಡ್ ಆರ್ಸು.”

ರೀಲರ್ ಪೆಚ್ಚಾದರು. ಸುತ್ತ ನಿಂತವರೆಲ್ಲ ಇತ್ತ ತಿರುಗಿದರು. ರೀಲರೇ ಟೀ ಲೋಟವನ್ನು ಲೀನಾಳ ಮುಂದೆ ಹಿಡಿದು, “ಬೇಜಾರ್ ಮಾಡ್ಕಬ್ಯಾಡಿ ಮೇಡಂ, ವಯಸ್ಸಾದೋರು. ಹೊರಗಡೆಯಿಂದ ಬಂದೋರ್ಗೆ ಹಿಂಗೆಲ್ಲ ಅನ್ಬಾರ್ದು” ಅಂದರು.

ಲೀನಾ ಕೆಳಗೆ ಕೂತು ಗೂಡಿಗೆ ಕೈ ಹಾಕಿದ್ದವಳು ತಲೆ ಎತ್ತಿ ನೋಡಿದಳು.

“ಅದು ನಮ್ ಮನೆ ವಿಸ್ಯ” ಅಂದಳು. “ನಿಮಗ್ಯಾಕೆ?”